ಅಪ್ಪನ ಜಮೀನು ಮಕ್ಕಳ ಹೆಸರಿಗೆ: ತೆರಿಗೆ ಎಲ್ಲಿ, ತೊಡಕು ಎಲ್ಲಿ?

‘ಅಪ್ಪನ ಜಮೀನು ನಮ್ಮ ಹೆಸರಿಗೆ ಮಾಡಿಸಿಕೊಂಡರೆ ಸರ್ಕಾರ ತೆರಿಗೆ ಹಾಕುತ್ತದಂತೆ, ಅದಕ್ಕೇ ಸುಮ್ಮನಿದ್ದೇವೆ’ ಎನ್ನುವವರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅಂಥ ತೆರಿಗೆ ಒಂದು ಕಾಲಕ್ಕೆ ಇದ್ದದ್ದು ನಿಜ. 1953ರಲ್ಲಿ ‘ಎಸ್ಟೇಟ್ ಡ್ಯೂಟಿ’ ಎಂಬ ಹೆಸರಿನಲ್ಲಿ ಬಂದ ಈ ತೆರಿಗೆ, 20 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಶೇ 85ರವರೆಗೂ ಏರಿತ್ತು. ಬರುವ ಹಣ ಅಲ್ಪ, ವಸೂಲಿಯ ಖರ್ಚು ಮತ್ತು ವ್ಯಾಜ್ಯವೇ ಹೆಚ್ಚು ಎಂದು 1985ರಲ್ಲಿ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ತೆಗೆದುಹಾಕಿದರು. ದಾನ ತೆರಿಗೆ 1998ರಲ್ಲಿ ಹೋಯಿತು, ಸಂಪತ್ತು ತೆರಿಗೆ 2015ರಲ್ಲಿ. ವಾರಸಿಕೆಯಿಂದ ಬಂದ ಆಸ್ತಿಗಾಗಲಿ, ಹೆತ್ತವರು ಮಕ್ಕಳಿಗೆ ದಾನ ಕೊಟ್ಟ ಆಸ್ತಿಗಾಗಲಿ ಪಡೆದವರು ಆದಾಯ ತೆರಿಗೆಯನ್ನೂ ಕಟ್ಟಬೇಕಿಲ್ಲ.

ಹಾಗಾದರೆ ಲಕ್ಷಾಂತರ ಪಹಣಿಗಳು ತೀರಿಕೊಂಡವರ ಹೆಸರಿನಲ್ಲೇ ಏಕಿವೆ? ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಇ-ಪೌತಿ ಆಂದೋಲನವನ್ನು ಸರ್ಕಾರವೇ ನಡೆಸುವಂಥ ಸ್ಥಿತಿ ಏಕೆ ಬಂತು? ನನಗೆ ಕಾಣುವ ಕಾರಣ ಒಂದೇ: ತಡ ಮಾಡುವುದು. ಒಂದು ತಲೆಮಾರು ತಡವಾದರೆ ಮೂವರು ಹಕ್ಕುದಾರರಿದ್ದ ಕಡೆ ಹದಿನೈದು ಮಂದಿ ಆಗುತ್ತಾರೆ. ಅವರಲ್ಲಿ ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರ ವಿಳಾಸವೇ ಗೊತ್ತಿಲ್ಲ.

ಮೊದಲು ಜಮೀನು ಎಂಥದ್ದು ನೋಡಿ

ಅಜ್ಜ-ಮುತ್ತಜ್ಜನಿಂದ ಬಂದ ಪಿತ್ರಾರ್ಜಿತವೋ, ಅಪ್ಪ ದುಡಿದು ಕೊಂಡ ಸ್ವಯಾರ್ಜಿತವೋ, ಸರ್ಕಾರ ಮಂಜೂರು ಮಾಡಿದ್ದೋ? ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸ್ವಯಾರ್ಜಿತವನ್ನು ಅಪ್ಪ ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನಷ್ಟೇ ಉಯಿಲು ಮಾಡಬಹುದು. ಈ ಲೇಖನದಲ್ಲಿ ಹೇಳುತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಕುಟುಂಬಗಳ ವಿಷಯ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನುಗಳಿವೆ.

ಪರಿಶಿಷ್ಟ ಜಾತಿ-ಪಂಗಡದವರಿಗೆ ಮಂಜೂರಾದ ಜಮೀನಾದರೆ, ಅದು ಬೇರೆಯವರ ಕೈಗೆ ಹೋಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಕುಟುಂಬದೊಳಗಿನ ಪಾಲು ಮತ್ತು ಉಯಿಲು ಆ ಕಾಯ್ದೆ ಹೇಳುವ ‘ಪರಭಾರೆ’ಯೊಳಗೆ ಬರುವುದಿಲ್ಲ, ದಾನ ಬರುತ್ತದೆ. ಅಂದಮೇಲೆ ಇಲ್ಲಿ ದಾನಪತ್ರಕ್ಕೆ ಕೈ ಹಾಕುವ ಮೊದಲು ವಕೀಲರನ್ನು ಕೇಳಲೇಬೇಕು.

ಅಪ್ಪ ಇರುವಾಗಲೇ ಮಾಡುವುದಾದರೆ

ಮೂರು ದಾರಿಗಳಿವೆ. ಪಿತ್ರಾರ್ಜಿತಕ್ಕೆ ನೋಂದಾಯಿತ ವಿಭಾಗಪತ್ರವೇ ಸರಿ. ಊರ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದ ಪಾಲುಪಟ್ಟಿ ಸಾಲದು. ಕೃಷಿ ಜಮೀನಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಜಮೀನಿನ ಬೆಲೆಯ ಮೇಲಲ್ಲ, ಒಂದು ಪಾಲಿಗೆ ಇಷ್ಟು ಎಂಬ ನಿಗದಿತ ಮೊತ್ತ. ಹೆತ್ತವರು ಮಕ್ಕಳಿಗೆ ಬರೆಯುವ ದಾನಪತ್ರಕ್ಕೂ ಹೀಗೆಯೇ ನಿಗದಿತ ಶುಲ್ಕ. ಅದೇ ಜಮೀನನ್ನು ಮಗನಿಗೆ ‘ಮಾರಿದಂತೆ’ ಕ್ರಯಪತ್ರ ಮಾಡಿಸಿದರೆ ಮೌಲ್ಯದ ಶೇ 5ರಷ್ಟು ಮುದ್ರಾಂಕ, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಯಾರದೋ ಮಾತು ಕೇಳಿ ಹೀಗೆ ಲಕ್ಷಗಟ್ಟಲೆ ಕಳೆದುಕೊಳ್ಳುವವರಿದ್ದಾರೆ.

ದಾನಪತ್ರದಲ್ಲಿ ಒಂದು ಅಪಾಯವಿದೆ. ಬರೆದುಕೊಟ್ಟ ಮರುದಿನದಿಂದ ಜಮೀನು ಮಗನದು. ಆಮೇಲೆ ಅನ್ನ ಹಾಕದಿದ್ದರೆ? 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಬಳಿ ಹೋಗಿ ದಾನವನ್ನೇ ರದ್ದು ಮಾಡಿಸಲು ಅವಕಾಶವಿದೆ. ಆದರೆ ‘ನಮ್ಮಿಬ್ಬರನ್ನೂ ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಪತ್ರದಲ್ಲೇ ಇದ್ದರೆ ದಾವೆ ಗಟ್ಟಿ. ಮಗನ ಮುಂದೆ ಅದನ್ನು ಬರೆಸಲು ಸಂಕೋಚವಾಗುತ್ತದೆ, ಗೊತ್ತು. ಆದರೂ ಬರೆಸಿ.

ಇನ್ನೊಂದು ಲೆಕ್ಕ ಹಲವರ ಗಮನಕ್ಕೆ ಬರುವುದಿಲ್ಲ. ಪಿಎಂ-ಕಿಸಾನ್ ನಿಯಮದಲ್ಲಿ 2019ರ ಫೆಬ್ರುವರಿ 1 ಗಡುವಿನ ದಿನ. ಆ ನಂತರ ಹೆಸರು ಬದಲಾದ ಜಮೀನಿಗೆ ವರ್ಷದ 6,000 ರೂಪಾಯಿ ಸಿಗುವುದು ಮಾಲೀಕರ ಮರಣದಿಂದ ವಾರಸುದಾರರಿಗೆ ಬಂದಿದ್ದರೆ ಮಾತ್ರ. ಹಾಗೆಂದು ಆರು ಸಾವಿರದ ಆಸೆಗೆ ಪಾಲು ಮುಂದೂಡಬೇಕಿಲ್ಲ, ತಿಳಿದಿರಲಿ ಅಷ್ಟೆ.

ಮೂರನೆಯದು ಉಯಿಲು. ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಹೊಸದು ಬರೆಯಬಹುದು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಬರೆಯುವವರಿಗಿಂತ ಚಿಕ್ಕ ವಯಸ್ಸಿನವರನ್ನು, ಪಾಲು ಸಿಗದವರನ್ನು ಸಾಕ್ಷಿ ಮಾಡಿಕೊಳ್ಳಿ. ಮುಂದೆ ತಕರಾರು ಬಂದರೆ ಅವರಲ್ಲೊಬ್ಬರಾದರೂ ನ್ಯಾಯಾಲಯದಲ್ಲಿ ನಿಂತು ಹೇಳಬೇಕಾಗುತ್ತದೆ. ವಿದೇಶದಲ್ಲಿ ನೆಲೆಸಿದ ಮಕ್ಕಳಿದ್ದರೆ ಉಯಿಲೇ ದಾರಿ: ಅನಿವಾಸಿ ಭಾರತೀಯರು ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ, ವಾರಸಿಕೆಯಿಂದ ಪಡೆಯಬಹುದು.

ತೀರಿಕೊಂಡ ಮೇಲಾದರೆ ಪೌತಿ ಖಾತೆ

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಜೋಡಿಸಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡಿ, ಆಕ್ಷೇಪಣೆಗೆ ನೋಟಿಸು ಹೊರಡಿಸಿ, ತಕರಾರಿಲ್ಲದಿದ್ದರೆ ಮ್ಯುಟೇಷನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಆಗುತ್ತದೆ. ಭೂಕಂದಾಯ ಕಾಯ್ದೆಯ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ತಿಳಿಸಬೇಕು. ತಿಥಿ ಮುಗಿದ ಮೇಲೆ, ಎಲ್ಲರೂ ಒಂದೆಡೆ ಇರುವಾಗಲೇ ಸಹಿ ಮಾಡಿಸಿಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ವಂಶವೃಕ್ಷದಲ್ಲಿ. ‘ಅಕ್ಕ-ತಂಗಿಯರಿಗೆ ಮದುವೆ ಮಾಡಿ ಕೊಟ್ಟಾಗಿದೆ, ಅವರ ಹೆಸರೇಕೆ?’ ಎಂದು ಬಿಟ್ಟುಬಿಡುತ್ತಾರೆ. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಸಮಪಾಲು ಕೊಟ್ಟಿತು. ತಿದ್ದುಪಡಿಯ ಹೊತ್ತಿಗೆ ಅಪ್ಪ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಿಭಾಗಗಳಿಗೆ ಇದು ತಾಗದು. ಸ್ವಯಾರ್ಜಿತ ನಾಲ್ಕು ಎಕರೆ ಇದ್ದು, ಉಯಿಲಿಲ್ಲದೆ ಅಪ್ಪ ತೀರಿಕೊಂಡರೆ ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳಿಗೆ ತಲಾ ಒಂದು ಎಕರೆ. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಸಮಪಾಲು. ತಂಗಿ ನಿಜವಾಗಿಯೂ ಬೇಡ ಎಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಪಡೆಯಿರಿ. ‘ಅರಿಶಿನ-ಕುಂಕುಮಕ್ಕೆ ಕೊಟ್ಟಿದ್ದೇವೆ’ ಎಂಬ ಮಾತು ಸಿವಿಲ್ ನ್ಯಾಯಾಲಯದಲ್ಲಿ ನಿಲ್ಲದು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವವೂ ಬಂದಂತಲ್ಲ.

ಪೌತಿಯಿಂದ ಜಂಟಿ ಖಾತೆಯಾಗುತ್ತದೆ, ಅಷ್ಟೇ. ಸಾಲ ಬೇಕೆಂದರೆ ಎಲ್ಲರ ಸಹಿ. ಬೇರೆಬೇರೆ ಮಾಡಿಕೊಳ್ಳಲು 11-ಇ ನಕ್ಷೆಗೆ (ಪಾಲಾಗುವ ಜಾಗದ ಅಳತೆ ನಕ್ಷೆ) ಅರ್ಜಿ ಹಾಕಿ, ಸರ್ವೆಯರ್ ಅಳತೆ ಮುಗಿಸಿದ ಮೇಲೆ ವಿಭಾಗಪತ್ರ, ನಂತರ ಪೋಡಿ, ಅಂದರೆ ಸರ್ವೆ ನಂಬರು ಬೇರ್ಪಡಿಸುವುದು. ಬಾವಿ, ಬೋರ್‌ವೆಲ್, ದಾರಿ ಯಾರ ಪಾಲಿಗೆ, ನೀರಿನ ಸರದಿ ಹೇಗೆ ಎಂಬುದನ್ನು ಪತ್ರದಲ್ಲೇ ಬರೆಸಿ. ಅಣ್ಣತಮ್ಮಂದಿರ ಜಗಳ ಮಣ್ಣಿಗಿಂತ ಹೆಚ್ಚಾಗಿ ದಾರಿಗೆ ಆಗುತ್ತದೆ.

ತೆರಿಗೆ ಬರುವುದು ಮಾರಿದಾಗ

ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿನ ಪಟ್ಟಣದ ಗಡಿಯಿಂದ 2 ಕಿ.ಮೀ., 10 ಲಕ್ಷದವರೆಗಾದರೆ 6, ಅದಕ್ಕೂ ಮೀರಿದರೆ 8 ಕಿ.ಮೀ. ಆಚೆಗಿನ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭ ತೆರಿಗೆ ಇಲ್ಲ. ದೂರವನ್ನು ರಸ್ತೆಯಲ್ಲಿ ಅಳೆಯುವುದಿಲ್ಲ, ನೇರ ಗೆರೆಯಲ್ಲಿ ಅಳೆಯುತ್ತಾರೆ. ಒಳಗಿದ್ದರೆ ಲಾಭದ ಶೇ 12.5, 2024ರ ಜುಲೈ 23ಕ್ಕೆ ಮೊದಲೇ ಬಂದ ಜಮೀನಾದರೆ ಹಣದುಬ್ಬರ ಕಳೆದು ಶೇ 20ರ ಲೆಕ್ಕವನ್ನೂ ಆರಿಸಿಕೊಳ್ಳಬಹುದು. ಅಜ್ಜ ಎಷ್ಟಕ್ಕೆ ಕೊಂಡಿದ್ದರೋ ಎಂದು ತಲೆ ಕೆಡಿಸಿಕೊಳ್ಳಬೇಡಿ, 2001ರ ಏಪ್ರಿಲ್ 1ರ ಬೆಲೆಯನ್ನೇ ಮೂಲಬೆಲೆ ಎಂದು ಹಿಡಿಯಬಹುದು. ಬಂದ ಹಣದಲ್ಲಿ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೂ ವಿನಾಯಿತಿಯಿದೆ. ಆದರೆ ಮಾರುವ ಮುಂಚಿನ ಎರಡು ವರ್ಷ ಆ ಹಳೆಯ ಜಮೀನಿನಲ್ಲಿ ನೀವೋ ನಿಮ್ಮ ಹೆತ್ತವರೋ ಬೇಸಾಯ ಮಾಡಿರಬೇಕು.

ಹೊಸ ಪಹಣಿ ಕೈಗೆ ಬಂದ ಕೂಡಲೇ ವಿಸ್ತೀರ್ಣ, ಹೆಸರಿನ ಕಾಗುಣಿತ, ಸಾಲದ ಕಾಲಂ ಮೂರನ್ನೂ ನೋಡಿ. ಅಪ್ಪನ ಬೆಳೆಸಾಲ ಬಾಕಿ ಇದ್ದರೆ ಅದು ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ನಿಮ್ಮದೂ ಹೌದು. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಹೊಸ ಸರ್ವೆ ನಂಬರನ್ನು ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ನಿಮ್ಮ ಎಫ್‌ಐಡಿಗೆ (ರೈತ ಗುರುತಿನ ಸಂಖ್ಯೆಗೆ) ಸೇರಿಸಿ. ಬೆಳೆ ವಿಮೆಯೂ ಬರ ಪರಿಹಾರವೂ ಆ ಸಂಖ್ಯೆಯನ್ನು ನೋಡಿಯೇ ಬರುವುದು.