ಹಳೇ ಸಹಪಾಠಿಗಳ ಜೊತೆ ಹೂಗ್ಲಿ ಯಾನ: ಅರ್ಧ ಕೆಲಸ ಬೆಂಗಳೂರಲ್ಲೇ ಮುಗಿಸಿ

ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ವಾರ ಹಡಗಿನಲ್ಲೇ ಉಳಿದು, ದಡದ ಊರುಗಳನ್ನು ನೋಡುತ್ತಾ, ತಿಳಿದವರ ಪಾಠ ಕೇಳುತ್ತಾ ಹೋಗಬೇಕು ಅಂತ ಆಸೆಯಿದೆಯಾ? ಖಂಡಿತ ಮಾಡಬಹುದು. ಆದರೆ ಟಿಕೆಟ್‌ನಿಂದ ಶುರು ಮಾಡಬೇಡಿ. ಸುಮ್ನೆ ಬುಕ್ ಮಾಡಿ ಹೊರಟರೆ ಅದು ಇನ್ನೊಂದು ಟೂರ್ ಆಗುತ್ತದೆ, ಅಷ್ಟೇ. ಕನಿಷ್ಠ ಆರು ತಿಂಗಳು ಮೊದಲೇ ಎಲ್ಲರೂ ಕೂತು ಮಾತಾಡಿ.

ಮೊದಲು ವಿಷಯ, ಆಮೇಲೆ ನದಿ

ಕಾಡು, ಪ್ರಾಣಿ ನೋಡುವವರಿಗೆ ಅಸ್ಸಾಮಿನ ಬ್ರಹ್ಮಪುತ್ರಾ ಸರಿ. ಕಾಜಿರಂಗ ಅದರ ದಂಡೆಯಲ್ಲೇ ಇದೆ. ಇತಿಹಾಸ ಬೇಕು ಅನ್ನುವವರಿಗೆ ನಾನು ಹೇಳುವುದು ಹೂಗ್ಲಿ. ಗಂಗೆಯ ಈ ಕವಲಿನಲ್ಲಿ ಕೋಲ್ಕತ್ತದಿಂದ ಮುರ್ಷಿದಾಬಾದ್ ಕಡೆಗೆ ಹೊರಟರೆ ಬ್ಯಾರಕ್‌ಪುರದಲ್ಲಿ ಇಂಗ್ಲಿಷರು, ಶ್ರೀರಾಂಪುರದಲ್ಲಿ ಡೇನರು, ಚಂದನ್‌ನಗರದಲ್ಲಿ ಫ್ರೆಂಚರು, ಚಿನ್ಸುರಾದಲ್ಲಿ ಡಚ್ಚರು, ಬ್ಯಾಂಡೆಲ್‌ನಲ್ಲಿ ಪೋರ್ಚುಗೀಸರು ಬಿಟ್ಟುಹೋದ ಗುರುತುಗಳು ಸಾಲಾಗಿ ಸಿಗುತ್ತವೆ.

ನಮಗೂ ಆ ನದಿಗೂ ಏನು ಸಂಬಂಧ ಅಂತ ಗುಂಪಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಸಂಬಂಧ ಜಾಸ್ತಿಯೇ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದಾಗ, ಆ ಗೆಲುವಿನ ನೆನಪಿಗೆಂದೇ ಸ್ಥಾಪನೆಯ ದಿನಾಂಕವನ್ನು 1800ರ ಮೇ 4 ಎಂದು ಬರೆಸಿದ. ಈಸ್ಟ್ ಇಂಡಿಯಾ ಕಂಪನಿಯ ಎಳೆಯ ಅಧಿಕಾರಿಗಳಿಗೆ ಇಲ್ಲಿನ ಭಾಷೆ ಕಲಿಸಲು ಆ ಕಾಲೇಜಿಗೆ ಬಂದವರಲ್ಲಿ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಒಬ್ಬರು. ಕೇರಿಯವರ ಮನೆ, ಮುದ್ರಣಾಲಯ ಎರಡೂ ಇದ್ದದ್ದು ಶ್ರೀರಾಂಪುರದಲ್ಲಿ. ಕಂಪನಿ ತನ್ನ ನೆಲದಲ್ಲಿ ಮಿಷನರಿಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ, ಡೇನರು ಜಾಗ ಕೊಟ್ಟರು. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಆ ಮುದ್ರಣಾಲಯದಲ್ಲೇ. ಕನ್ನಡ ಅಚ್ಚಿನ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಇನ್ನೂ ಮೇಲೆ ಹೋದರೆ ನವದ್ವೀಪ. ಆ ಸೀಮೆ ಆಳಿದ ಸೇನ ಅರಸರು ತಮ್ಮ ಮೂಲ ಕರ್ಣಾಟ ಎಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಬೆಂಗಳೂರಿನಿಂದ ಹೋಗುವ ಗುಂಪಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ಪಾಠ ಹೇಳುವವರು ಯಾರು?

ಇಬ್ಬರು ಬೇಕು. ಒಬ್ಬರು ನಮ್ಮವರು, ಇನ್ನೊಬ್ಬರು ಬಂಗಾಳದವರು. ನಿಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಇದ್ದರೆ ಮೊದಲು ಅವರ ಮನೆಗೇ ಹೋಗಿ ಕೇಳಿ. ಓಡಾಟದ ಖರ್ಚು, ಗೌರವಧನ ಎರಡನ್ನೂ ಬಜೆಟ್‌ನಲ್ಲಿ ಮೊದಲೇ ಸೇರಿಸಿ. ಅವರ ಹತ್ತಿರ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬಾರದು. ಬಂಗಾಳದ ಗೈಡ್ ಒಂದೊಂದು ಊರಿಗೆ ಒಬ್ಬೊಬ್ಬರು ಬೇಡ, ಕೊನೆಯವರೆಗೂ ಜೊತೆಗಿರುವವರು ಬೇಕು. ಶ್ರೀರಾಂಪುರ ಕಾಲೇಜಿನಲ್ಲಿರುವ ಕೇರಿ ಗ್ರಂಥಾಲಯ ಮತ್ತು ಮ್ಯೂಸಿಯಂ ನೋಡಲು ಸಂಘದ ಲೆಟರ್‌ಹೆಡ್‌ನಲ್ಲಿ ಮೊದಲೇ ಪತ್ರ ಬರೆಯಿರಿ.

ಭಾನುವಾರದ ತರಗತಿ

ಹೊರಡುವ ಮುಂಚೆ ಕೆಲವು ಭಾನುವಾರ ಕಾಲೇಜಿನಲ್ಲೇ ಒಂದು ಕೊಠಡಿ ಕೇಳಿ ಪಡೆದು ಸೇರಿ. ಎಲ್ಲರಿಗೂ ಒಂದೊಂದು ವಿಷಯ ಹಂಚಿ. ಕಾಮರ್ಸ್ ಓದಿದವರು ಮುರ್ಷಿದಾಬಾದಿನ ನವಾಬರಿಗೂ ಕಂಪನಿಗೂ ಸಾಲ ಕೊಡುತ್ತಿದ್ದ ಜಗತ್‌ಸೇಠ್ ಮನೆತನದ ಬಗ್ಗೆ ಹೇಳಲಿ. ಕನ್ನಡ ಎಂ.ಎ. ಮಾಡಿದವರಿಗೆ ಕೇರಿ. ಸಿವಿಲ್ ಎಂಜಿನಿಯರುಗಳಿಗೆ ಫರಕ್ಕಾ ಬ್ಯಾರೇಜು: ಕೋಲ್ಕತ್ತ ಬಂದರಿನ ಹೂಳು ತೊಳೆಯಲಿ ಅಂತ 1975ರಿಂದ ಅಲ್ಲಿ ಗಂಗೆಯ ನೀರನ್ನು ಸುಮಾರು 38 ಕಿಲೋಮೀಟರ್ ಕಾಲುವೆಯಲ್ಲಿ ಇತ್ತ ತಿರುಗಿಸುತ್ತಾರೆ. ಬಾಂಗ್ಲಾದೇಶದ ಜೊತೆ 1996ರ ನೀರು ಹಂಚಿಕೆ ಒಪ್ಪಂದ ಆದದ್ದು ಇದೇ ಜಾಗದ ನೀರಿಗೆ. ಕಾವೇರಿ ಮಾತು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಒಂದು ದಿನ ಶ್ರೀರಂಗಪಟ್ಟಣ, ರಂಗನತಿಟ್ಟಿಗೆ ಹೋಗಿಬನ್ನಿ. ಕೋಟೆಯಲ್ಲಿ ಮೊದಲ ಪಾಠ ಆಗುತ್ತದೆ. ದೋಣಿ ಹತ್ತಿ ಇಳಿಯುವಾಗ ಯಾರಿಗೆ ಮಂಡಿನೋವು, ಯಾರಿಗೆ ಕೈ ಹಿಡಿಯಬೇಕು ಅನ್ನುವುದೂ ಗೊತ್ತಾಗುತ್ತದೆ. ಹೂಗ್ಲಿಯಲ್ಲಿ ಇದು ಮುಖ್ಯ. ಎಷ್ಟೋ ಘಾಟ್‌ಗಳಲ್ಲಿ ಹಡಗಿನಿಂದ ದಡಕ್ಕೆ ಹಲಗೆ ಹಾಕುತ್ತಾರೆ. ಇಬ್ಬರು ಹುಡುಗರು ಬಿದಿರಿನ ಗಳು ಅಡ್ಡ ಹಿಡಿದು ನಿಲ್ಲುತ್ತಾರೆ, ಅದೇ ಕಟಕಟೆ. ಉಬ್ಬರ ಇಳಿದ ಹೊತ್ತಿನಲ್ಲಿ ಕೆಳಗಿನ ಮೆಟ್ಟಿಲುಗಳ ಮೇಲೆ ನುಣ್ಣನೆ ಕೆಸರು ಕೂತಿರುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ಬುಕಿಂಗ್

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಗುಂಪು ದೊಡ್ಡದಿದ್ದರೆ ಇಡೀ ಹಡಗನ್ನೇ ಕೇಳಿ ನೋಡಿ, ದಿನಚರಿ ನಿಮ್ಮ ಕೈಯಲ್ಲಿರುತ್ತದೆ. ಕೆಳಗಿನ ಡೆಕ್‌ನಲ್ಲಿ ಕೋಣೆ ಇದೆಯಾ, ಮೆಟ್ಟಿಲು ಎಷ್ಟು ಕಡಿದು, ಡಾಕ್ಟರನ್ನು ಎಲ್ಲಿಂದ ಕರೆಸುತ್ತಾರೆ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ಎಲ್ಲವನ್ನೂ ಕೇಳಿ ಬರೆಸಿಕೊಳ್ಳಿ. ಅಡುಗೆಗೆ ಸಾಸಿವೆ ಎಣ್ಣೆ ಒಗ್ಗದವರು, ಮೀನು ಮುಟ್ಟದವರು ಯಾರು ಅಂತ ಪಟ್ಟಿ ಕಳಿಸಿ.

ಹಡಗಿನಲ್ಲಿ

ಬೆಳಿಗ್ಗೆ ಊರು, ಮಧ್ಯಾಹ್ನ ಪಯಣ, ಸಂಜೆ ಡೆಕ್ ಮೇಲೆ ಮುಕ್ಕಾಲು ಗಂಟೆ ಪಾಠ. ಅದಕ್ಕಿಂತ ಜಾಸ್ತಿ ಯಾರೂ ಕೇಳುವುದಿಲ್ಲ. ದಿನಕ್ಕೆ ಒಂದು ಜಾಗವನ್ನು ನಿಧಾನವಾಗಿ ನೋಡಿದರೆ ಸಾಕು. ಉದಾಹರಣೆಗೆ, ಇದೇ ನದಿಯ ದಡದ ಕಾಲ್ನಾ ಊರಿನಲ್ಲಿ 1809ರಲ್ಲಿ ಕಟ್ಟಿದ 108 ಶಿವಾಲಯಗಳಿವೆ. ಹೊರಸುತ್ತಿನಲ್ಲಿ 74, ಒಳಸುತ್ತಿನಲ್ಲಿ 34. ಎದುರಿಗೇ ಪ್ರತಾಪೇಶ್ವರ ಗುಡಿ. ಅದರ ಗೋಡೆಯ ಹತ್ತಿರ ಹೋಗಿ ನಿಲ್ಲಿ: ರಾಮ ರಾವಣರ ಯುದ್ಧ, ವಾದ್ಯ ನುಡಿಸುವವರು, ಎಲ್ಲ ಸುಟ್ಟ ಜೇಡಿಮಣ್ಣಿನಲ್ಲಿ. ಹಳೇಬೀಡಿನಲ್ಲಿ ಬಳಪದ ಕಲ್ಲು ಇತ್ತು, ಕಲ್ಲಿನಲ್ಲಿ ಕೆತ್ತಿದರು. ಈ ಬಯಲಿನಲ್ಲಿ ಕಲ್ಲಿಲ್ಲ, ನದಿ ತಂದ ಮಣ್ಣೇ ಇಟ್ಟಿಗೆ, ಮಣ್ಣೇ ಶಿಲ್ಪ. ಇಷ್ಟು ತಿಳಿದರೆ ಮುಂದಿನ ಗುಡಿಗಳನ್ನು ನೀವೇ ಓದಿಕೊಳ್ಳುತ್ತೀರಿ.

ಹೂಗ್ಲಿಯಲ್ಲಿ ಸಮುದ್ರದ ಉಬ್ಬರವಿಳಿತ ಇದೆ, ಮೇಲ್ಭಾಗದಲ್ಲಿ ಚಳಿಗಾಲಕ್ಕೆ ನೀರೂ ತೆಳ್ಳಗಾಗುತ್ತದೆ. ಹಾಗಾಗಿ ವೇಳಾಪಟ್ಟಿ ಅತ್ತಿತ್ತ ಆಗುವುದು ಸಹಜ. ವಾಪಸ್ ವಿಮಾನವನ್ನು ಹಡಗು ಇಳಿಯುವ ದಿನಕ್ಕೇ ಬುಕ್ ಮಾಡಬೇಡಿ. ಒಂದು ದಿನ ಕೋಲ್ಕತ್ತದಲ್ಲಿ ಉಳಿದು, ಟಿಪ್ಪುವಿನ ಮಗ ಗುಲಾಮ್ ಮೊಹಮ್ಮದ್ ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿಯನ್ನೂ ನೋಡಿಕೊಂಡು ಬನ್ನಿ.