ಮರವಂತೆಯಲ್ಲಿ ಕಡಲು, ಹೊಳೆ ಎರಡನ್ನೂ ನೋಡಿ ಹೊರಡುವುದು ಹೇಗೆ?

ಕುಂದಾಪುರದಿಂದ ಮುರ್ಡೇಶ್ವರದ ಕಡೆ ಹೆದ್ದಾರಿ 66ರಲ್ಲಿ ಹೋಗುವವರು ಮರವಂತೆ ಬಂದ ಕೂಡಲೇ ಮಾಡುವುದು ಒಂದೇ ಕೆಲಸ. ಎಡಕ್ಕೆ ಕಡಲು ಕಂಡಿತು ಅಂತ ಗಕ್ಕನೆ ಬ್ರೇಕ್ ಹಾಕಿ, ಎರಡು ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ಬಲಕ್ಕೆ ಸೌಪರ್ಣಿಕಾ ಹರಿಯುತ್ತಿರುತ್ತದೆ, ಅತ್ತ ಯಾರೂ ತಿರುಗಿಯೂ ನೋಡುವುದಿಲ್ಲ. ಬೇಜಾರಾಗುತ್ತದೆ.

ಮೊದಲು: ಕುಂದಾಪುರದಲ್ಲೇ ಊಟ ಮುಗಿಸಿ, ಮಧ್ಯಾಹ್ನ ಮೂರಕ್ಕೆ ಹೊರಡಿ. ಜನವರಿಯಾದರೆ ಹೆಮ್ಮಾಡಿಯಲ್ಲಿ ಸೇವಂತಿಗೆ ಗದ್ದೆ ನೋಡಲು ಹತ್ತು ನಿಮಿಷ ಇಟ್ಟುಕೊಳ್ಳಿ.

ಎರಡನೆಯದು: ತ್ರಾಸಿ ದಾಟುವಾಗಲೇ ಎಡ ಲೇನಿಗೆ ಬನ್ನಿ, ನಿಧಾನ ಮಾಡಿ. ಕಾರನ್ನು ಬಿಳಿ ಗೆರೆಯಿಂದ ಪೂರ್ತಿ ಆಚೆ ನಿಲ್ಲಿಸಿ, ಇಳಿಯುವವರೆಲ್ಲ ಕಡಲ ಬದಿಯ ಬಾಗಿಲಿನಿಂದಲೇ ಇಳಿಯಲಿ. ದಡಕ್ಕೆ ಹಾಕಿರುವ ಬಂಡೆಗಳ ಮೇಲೆ ಹತ್ತಲೇಬೇಡಿ, ತೆರೆ ಬಡಿದು ಪಾಚಿ ಕಟ್ಟಿರುತ್ತದೆ, ಚಪ್ಪಲಿ ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಮಳೆಗಾಲದಲ್ಲಂತೂ ನೀರಿಗೆ ಕಾಲಿಡುವ ಮಾತೇ ಬೇಡ. ಫೋನಿಗೆ ಅಗ್ಗದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹೋಗುತ್ತಾರೆ, ಅದರೊಳಗೆ ಬೆವರು ಕಟ್ಟಿ ಫೋಟೊ ಎಲ್ಲ ಮಬ್ಬು. ದುಡ್ಡು ದಂಡ.

ಮೂರನೆಯದರಲ್ಲೇ ಎಲ್ಲರೂ ಎಡವುವುದು. ಕಡಲ ದಡದಲ್ಲಿ ನಿಂತರೆ ರಸ್ತೆಯಾಚೆಯ ಹೊಳೆ ಸರಿಯಾಗಿ ಕಾಣುವುದಿಲ್ಲ, ಫೋಟೊಗಳಲ್ಲಿ ಎರಡೂ ಒಟ್ಟಿಗೆ ಕಾಣುವುದು ಎತ್ತರದಿಂದ ತೆಗೆದಿರುವುದಕ್ಕೆ. ಹಾಗಂತ ಮಕ್ಕಳ ಕೈ ಹಿಡಿದು ಡಿವೈಡರ್ ಹಾರಬೇಡಿ, ಲಾರಿ ಬಸ್ಸುಗಳು ಅಲ್ಲಿ ಒಂಚೂರೂ ವೇಗ ಇಳಿಸುವುದಿಲ್ಲ. ಮುಂದೆ ಯೂ ಟರ್ನ್ ಸಿಕ್ಕಲ್ಲಿ ಕಾರು ತಿರುಗಿಸಿಕೊಂಡು ಬಂದು ವರಾಹ ದೇವಸ್ಥಾನದ ಹತ್ತಿರ ನಿಲ್ಲಿಸಿ. ಎದುರಿಗೆ ಕಡಲು, ಹಿಂದೆ ಹೊಳೆ. ಹೊಳೆಯ ಕಡೆ ನಿಂತು ಸ್ವಲ್ಪ ಹೊತ್ತು ಸುಮ್ನೆ ನೋಡಿ: ಈಚೆ ತೆರೆಯ ಸದ್ದು ಕೇಳುತ್ತಲೇ ಇರುತ್ತದೆ, ಕಣ್ಣೆದುರಿನ ನೀರು ಮಾತ್ರ ಅಲುಗುವುದಿಲ್ಲ, ಅದರಾಚೆ ತೆಂಗಿನ ತೋಟ, ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಕೊಡಚಾದ್ರಿ ಸಾಲು. ಸೌಪರ್ಣಿಕಾ ಇಷ್ಟು ಹತ್ತಿರ ಬಂದೂ ಇಲ್ಲಿ ಕಡಲು ಸೇರುವುದಿಲ್ಲ, ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ಸೇರುತ್ತದೆ. ನನಗೆ ಕಡಲಿಗಿಂತ ಈ ಬದಿಯೇ ಜಾಸ್ತಿ ಇಷ್ಟ.

ಆಮೇಲೆ ಮತ್ತೆ ಯೂ ಟರ್ನ್, ನೇರ ಬೈಂದೂರು. ಸೂರ್ಯಾಸ್ತಕ್ಕೆ ಒತ್ತಿನೆಣೆ ಗುಡ್ಡವೇ ಸರಿ, ಮೇಲಿನಿಂದ ಸೋಮೇಶ್ವರ ಕಡಲತೀರ ಕಾಣುತ್ತದೆ. ಮುರ್ಡೇಶ್ವರದ 123 ಅಡಿಯ ಶಿವನನ್ನೂ ಗೋಪುರದ ಲಿಫ್ಟನ್ನೂ ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ.