ಕೆಂಗಣ್ಣಿನ ಮರಗಪ್ಪೆ: ನಾನು ಸಾಕುತ್ತಿರುವ ಬಗೆ

ಮರಗಪ್ಪೆಯನ್ನು ಸಾಕುವುದೆಂದರೆ ಮುಕ್ಕಾಲು ಪಾಲು ನೀರು ಮತ್ತು ಗಾಳಿಯನ್ನು ನೋಡಿಕೊಳ್ಳುವ ಕೆಲಸ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿರುವುದು ಮಧ್ಯ ಅಮೆರಿಕದ ಮಳೆಕಾಡಿನ ಕೆಂಗಣ್ಣಿನ ಮರಗಪ್ಪೆಗಳು. ಗಂಡು ಸುಮಾರು 5 ಸೆಂ.ಮೀ. ಉದ್ದ; ಹೆಣ್ಣು 7 ಸೆಂ.ಮೀ.ವರೆಗೂ ಬೆಳೆಯುತ್ತದೆ. ಎಲ್ಲವೂ ಸಾಕಣೆಯಲ್ಲೇ ಹುಟ್ಟಿದವು. ಕಾಡಿನಿಂದ ಹಿಡಿದು ತಂದ ಕಪ್ಪೆಯನ್ನು ನಾನು ಕೊಳ್ಳುವುದಿಲ್ಲ: ಪರೋಪಜೀವಿಗಳ ಜೊತೆಗೆ ಕಪ್ಪೆಗಳ ಚರ್ಮಕ್ಕೆ ತಗಲಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರವೂ ಬರಬಹುದು, ಕಾಡಿನಲ್ಲಿ ಒಂದು ಕಪ್ಪೆಯೂ ಕಡಿಮೆಯಾಗುತ್ತದೆ. 2010ರಿಂದ ಈ ಕುಲದ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಎಂಬ, ವನ್ಯಜೀವಿ ವ್ಯಾಪಾರದ ಜಾಗತಿಕ ಒಪ್ಪಂದದ ನಿಯಂತ್ರಣದಲ್ಲಿದೆ. ಮಲೆನಾಡಿನ ನೆಂಟರು ತಮ್ಮ ತೋಟದ ಹಾರುಕಪ್ಪೆಯನ್ನೂ ಹೀಗೆ ಸಾಕಬಹುದೇ ಎಂದು ಕೇಳುವುದುಂಟು. ಬೇಡ, ಅದು ಕೆರೆಯ ಮೇಲಿನ ಕೊಂಬೆಯಲ್ಲಿ ನೊರೆಗೂಡು ಕಟ್ಟಿಕೊಂಡು ಅಲ್ಲೇ ಇರಲಿ ಎನ್ನುತ್ತೇನೆ.

ಗಾಜಿನ ಪೆಟ್ಟಿಗೆಗೆ ಅಗಲಕ್ಕಿಂತ ಎತ್ತರ ಮುಖ್ಯ. ನನ್ನದು 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ. ತಳದಲ್ಲಿ ಸುಟ್ಟ ಜೇಡಿಮಣ್ಣಿನ ಉಂಡೆಗಳು, ಅದರ ಮೇಲೆ ಜಾಲರಿ, ಆಮೇಲೆ ತೆಂಗಿನ ನಾರಿನ ಪುಡಿ. ನೆಟ್ಟಿರುವುದು ಮನಿ ಪ್ಲಾಂಟ್ ಮತ್ತು ಅನಾನಸಿನ ಬಳಗದ ಬ್ರೊಮೀಲಿಯಡ್ ಗಿಡ. ಹಗಲು 25–27 ಡಿಗ್ರಿ ಸೆಲ್ಸಿಯಸ್; ರಾತ್ರಿ 21ಕ್ಕೆ ಇಳಿದರೂ ಚಿಂತೆಯಿಲ್ಲ.

ಮಳೆಕಾಡಿನ ಕಪ್ಪೆ ಎಂದ ಮಾತ್ರಕ್ಕೆ ಪೆಟ್ಟಿಗೆ ಸದಾ ತೊಟ್ಟಿಕ್ಕುತ್ತಿರಬೇಕು ಎಂದು ಬಹಳ ಜನ ನಂಬಿದ್ದಾರೆ. ಗಾಳಿಯಾಡದ ಒದ್ದೆಯಲ್ಲಿ ಕಪ್ಪೆಯ ಚರ್ಮಕ್ಕೆ ಸೋಂಕು ತಗಲುತ್ತದೆ. ನಾನು ಸಂಜೆ ಚೆನ್ನಾಗಿ ನೀರು ಸಿಂಪಡಿಸಿ ತೇವಾಂಶವನ್ನು ಶೇ. 80ರ ಮೇಲೆ ಏರಿಸುತ್ತೇನೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಒಣಗಿರಬೇಕು. ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸುವುದರಿಂದ ಮೇಲಿನ ಜಾಲರಿಯ ಅರ್ಧಕ್ಕೆ ಗಾಜು ಮುಚ್ಚುತ್ತೇನೆ, ಪೂರ್ತಿ ಮುಚ್ಚುವುದಿಲ್ಲ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆ, ತೊಡೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಹಾಗಾಗಿ ನೀರಿನಲ್ಲಿರುವುದೆಲ್ಲ ನೇರವಾಗಿ ಒಳಗೆ ಹೋಗುತ್ತದೆ. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರಿನ್ ಮತ್ತು ಅಮೋನಿಯ ಸೇರಿದ ಸೋಂಕುನಾಶಕವಾದ ಕ್ಲೋರಮಿನ್ ಹೋಗುವುದಿಲ್ಲ. ಅದನ್ನು ತೆಗೆಯುವ ದ್ರಾವಣ ಬೆರೆಸದೆ ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ. ಮುಟ್ಟಬೇಕಾಗಿ ಬಂದರೆ ಒದ್ದೆ ಮಾಡಿದ ಕೈಗವಸು ಹಾಕಿಕೊಳ್ಳುತ್ತೇನೆ.

ಆಹಾರ ಚಿಮ್ಮಂಡೆಗಳು. ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳು ದೊಡ್ಡದಿರಬಾರದು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಪುಡಿ ಹೊದಿಸಿ ಕೊಡದಿದ್ದರೆ ಮೂಳೆ ಮೆತ್ತಗಾಗುತ್ತದೆ.

ಹಗಲಲ್ಲಿ ಎಲೆಯ ಅಡಿಗೆ ಅಂಟಿ ಮಲಗಿದಾಗ ನೀಲಿ ಪಕ್ಕೆ, ಕಿತ್ತಳೆ ಪಾದ ಎಲ್ಲವನ್ನೂ ಮಡಚಿ ಬಚ್ಚಿಟ್ಟುಕೊಂಡಿರುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ಚಿನ್ನದ ಗೆರೆಗಳ ಬಲೆ. ದೀಪ ಆರಿದ ಮೇಲೆ ಎರಡು ಗಂಡುಗಳು ಒಂದೇ ಕಡ್ಡಿಯ ಮೇಲೆ ಎದುರಾದರೆ ನೋಡಬೇಕು: ಒಂದು ನಾಲ್ಕೂ ಕಾಲಿನ ಮೇಲೆ ಎದ್ದುನಿಂತು ಹಿಂಬದಿಯನ್ನು ಗಡಗಡ ಅಲುಗಿಸುತ್ತದೆ, ಇಡೀ ಕಡ್ಡಿ ನಡುಗುತ್ತದೆ. ಆ ಕಂಪನವೇ ಎದುರಾಳಿಗೆ ಎಚ್ಚರಿಕೆ.

ಮೊಟ್ಟೆಯಿಡುವುದು ನೀರಿನ ಮೇಲೆ ಬಾಗಿದ ಎಲೆಯ ಮೇಲೆ. ಆರೇಳು ದಿನಗಳಲ್ಲಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಹಾವು ಮೊಟ್ಟೆಗೆ ಬಾಯಿ ಹಾಕಿ ಅಲುಗಿಸಿದರೆ ಇವು ಅವಧಿಗೆ ಮುಂಚೆಯೇ ಒಡೆದು ಹೊರಬಂದು ಪಾರಾಗುತ್ತವೆ ಎಂದು ಜೀವವಿಜ್ಞಾನಿ ಕ್ಯಾರೆನ್ ವಾರ್ಕೆಂಟಿನ್ 1995ರಲ್ಲಿ ತೋರಿಸಿದರು. ಆದ್ದರಿಂದ ಮೊಟ್ಟೆಯಿರುವ ಎಲೆಯನ್ನು ನಾನು ಕತ್ತರಿಸುವುದೂ ಇಲ್ಲ, ಅಲುಗಿಸುವುದೂ ಇಲ್ಲ. ನೀರಿನ ತಟ್ಟೆಯನ್ನೇ ಅದರ ಅಡಿಗೆ ಸರಿಸುತ್ತೇನೆ. ಮುಂಗಾಲು ಮೂಡಿದ ಕೂಡಲೇ ನೀರಿನ ಮಟ್ಟ ಇಳಿಸಿ, ಹತ್ತಿಬರಲು ಒಂದು ಕಡ್ಡಿಯನ್ನು ಓರೆಯಾಗಿ ಇಡಬೇಕು, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಬಾಲ ಕರಗುವವರೆಗೆ ಮರಿ ಬೇಟೆಯಾಡುವುದಿಲ್ಲ. ಅದು ಕರಗಿದ ಮೇಲೆ ಹಾರಲಾರದ ಹಣ್ಣುನೊಣಗಳನ್ನು, ಅವಕ್ಕೂ ಕ್ಯಾಲ್ಸಿಯಂ ಹೊದಿಸಿ, ಸಂಜೆ ಬಿಡುತ್ತೇನೆ.